ಮುಂದಿನ ಐಪ್ಯಾಡ್ ಮಿನಿಯಲ್ಲಿ ನಾನು ಕಾಯುತ್ತಿರುವುದು ಸ್ಕ್ರೀನ್‌ಗಾಗಿ

ರಾತ್ರಿ ಮಲಗುವ ಮುಂಚೆ ಒಂದು ಗಂಟೆಯಾದರೂ ಓದದಿದ್ದರೆ ನನಗೆ ನಿದ್ದೆ ಹತ್ತುವುದಿಲ್ಲ. ಈಚೆಗೆ ಆ ಓದು ಹೆಚ್ಚಾಗಿ ಟ್ಯಾಬ್ಲೆಟ್‌ನಲ್ಲೇ ನಡೆಯುತ್ತದೆ, ಅದೂ ಒಂದೇ ಕೈಯಲ್ಲಿ ಹಿಡಿಯಬಹುದಾದ ಸಣ್ಣ ಟ್ಯಾಬ್ಲೆಟ್‌ನಲ್ಲಿ. 11 ಇಂಚಿನದನ್ನು ಮಲಗಿಕೊಂಡು ಹಿಡಿದು ನೋಡಿ, ಸ್ವಲ್ಪ ಹೊತ್ತಿಗೇ ಮಣಿಕಟ್ಟು ಸಾಕು ಅನ್ನುತ್ತದೆ. ಹಾಗಾಗಿ ಆಪಲ್‌ನ ಸಣ್ಣ ಟ್ಯಾಬ್ಲೆಟ್ ಐಪ್ಯಾಡ್ ಮಿನಿಗೆ ಓಲೆಡ್ ಸ್ಕ್ರೀನ್ (ಒಂದೊಂದು ಪಿಕ್ಸೆಲ್ಲೂ ತಾನೇ ಬೆಳಗುವಂಥದ್ದು) ಬರುತ್ತದಂತೆ ಅನ್ನುವ ಸುದ್ದಿ ಓಡಾಡಲು ಶುರುವಾದಾಗಿನಿಂದ ನಾನು ಕಾಯುತ್ತಾ ಇದ್ದೇನೆ. ಚಿಪ್ ಯಾವುದು, ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅನ್ನುವುದೆಲ್ಲ ನನಗೆ ಆಮೇಲಿನ ಮಾತು.

2024ರ ಅಕ್ಟೋಬರ್‌ನಲ್ಲಿ ಬಂದ ಮಿನಿಯನ್ನೇ ನೋಡಿ. ಎ17 ಪ್ರೊ ಚಿಪ್ ಬಂತು, 8 ಜಿಬಿ ರ್‍ಯಾಮ್ ಬಂತು, ಸ್ಟೋರೇಜ್ 128 ಜಿಬಿಯಿಂದ ಶುರುವಾಯಿತು, ಸ್ಕ್ರೀನ್ ಮೇಲೆ ಬರೆಯುವ ಆಪಲ್‌ನ ಹೊಸ ಪೆನ್ನು ಪೆನ್ಸಿಲ್ ಪ್ರೊ ಕೂಡ ಕೆಲಸ ಮಾಡುತ್ತದೆ. ತೂಕ 293 ಗ್ರಾಂ, ಅದು ನಿಜಕ್ಕೂ ಹಿತವಾದ ತೂಕ. ಆದರೆ ಸ್ಕ್ರೀನ್ ಮಾತ್ರ 2021ರ ಮಿನಿಯಲ್ಲಿ ಇದ್ದಂತೆಯೇ: 8.3 ಇಂಚು, ಹಿಂದಿನಿಂದ ಬೆಳಕು ಬೀರುವ ಎಲ್‌ಸಿಡಿ, 60 ಹರ್ಟ್ಜ್ (ಅಂದರೆ ಸೆಕೆಂಡಿಗೆ 60 ಸಲ ಚಿತ್ರ ಬದಲಾಗುತ್ತದೆ), ಬೆಳಕು 500 ನಿಟ್ಸ್. ಒಂದು ಇಂಚಿಗೆ 326 ಪಿಕ್ಸೆಲ್ ಇರುವುದರಿಂದ ಅಕ್ಷರಗಳು ಚೆನ್ನಾಗಿ ಮೂಡುತ್ತವೆ, ಸಣ್ಣ ಒತ್ತಕ್ಷರ ಕೂಡ ಕಲೆಸಿಕೊಳ್ಳುವುದಿಲ್ಲ. ತೊಂದರೆ ಇರುವುದು ಪುಟ ಓಡಿಸುವಾಗ.

2021ರ ಮಿನಿ ಬಂದಾಗ ಜೆಲ್ಲಿ ಸ್ಕ್ರೋಲ್ ಅಂತ ಒಂದು ದೊಡ್ಡ ಚರ್ಚೆ ಆಗಿತ್ತು, ನೆನಪಿದೆಯಾ? ಉದ್ದಕ್ಕೆ ಹಿಡಿದು ಸ್ಕ್ರೋಲ್ ಮಾಡಿದರೆ ಒಂದು ಬದಿಯ ಸಾಲು ಮುಂದೆ ಹೋಗಿ ಇನ್ನೊಂದು ಬದಿಯದು ಹಿಂದೆ ಉಳಿದ ಹಾಗೆ ಕಾಣುತ್ತದೆ ಅಂತ ಅನೇಕರು ಹೇಳಿದರು. ಎಲ್‌ಸಿಡಿಯಲ್ಲಿ ಇದು ಸಹಜ ಅಂತ ಆಪಲ್ ಉತ್ತರ ಕೊಟ್ಟಿತು. ಆ ಉತ್ತರದಲ್ಲಿ ಸ್ವಲ್ಪ ನಿಜವೂ ಇದೆ. ಸ್ಕ್ರೀನ್ ಒಂದೇ ಏಟಿಗೆ ಬದಲಾಗುವುದಿಲ್ಲ, ಸಾಲು ಸಾಲಾಗಿ ಬದಲಾಗುತ್ತಾ ಹೋಗುತ್ತದೆ. ಆ ಬದಲಾವಣೆ ಮೇಲಿಂದ ಕೆಳಕ್ಕೆ ಸಾಗಿದರೆ ಕಣ್ಣಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಸಾಗಿದರೆ ಓಡುತ್ತಿರುವ ಸಾಲು ಓರೆಯಾಗಿ ಕಾಣುತ್ತದೆ. 60 ಹರ್ಟ್ಜ್‌ನಲ್ಲಿ ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಸುಮಾರು 16.7 ಮಿಲಿಸೆಕೆಂಡ್. 120 ಹರ್ಟ್ಜ್ ಆದರೆ 8.3. ಅಂದರೆ ಓರೆಯೂ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಬೇಕು. ಐಪ್ಯಾಡ್ ಪ್ರೊಗೆ 120 ಹರ್ಟ್ಜ್ ಸಿಕ್ಕಿದ್ದು 2017ರಲ್ಲೇ. ಸಣ್ಣದನ್ನು ಬಯಸುವವರು ಇಷ್ಟು ವರ್ಷ ಯಾಕೆ ಕಾಯಬೇಕು ಅನ್ನುವುದು ನನ್ನ ನಿಜವಾದ ಬೇಸರ.

ಇಲ್ಲೇ ನನಗೊಂದು ಭಯ ಇದೆ. ಓಲೆಡ್ ಬಂದರೆ 120 ಹರ್ಟ್ಜ್ ಕೂಡ ಜೊತೆಗೇ ಬರುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ, ಆದರೆ ಅವೆರಡೂ ಬೇರೆ ಬೇರೆ. ಐಫೋನ್ 12ರಿಂದ 16ರವರೆಗಿನ ಸಾಮಾನ್ಯ ಮಾಡೆಲ್‌ಗಳೆಲ್ಲ ಓಲೆಡ್, ಆದರೂ 60 ಹರ್ಟ್ಜ್. 120 ಬರಲು 2025ರ ಐಫೋನ್ 17ರವರೆಗೆ ಕಾಯಬೇಕಾಯಿತು. ಮಿನಿಗೂ ಹಾಗೇ ಮಾಡಿದರೆ? ಕಪ್ಪು ಬಣ್ಣ ಗಾಢವಾಗಿ ಕಾಣುತ್ತದೆ, ಸಿನಿಮಾ ನೋಡುವವರಿಗೆ ಖುಷಿಯಾಗುತ್ತದೆ, ಓದುವವರ ಪಾಲಿಗೆ ಅರ್ಧ ಕೆಲಸ ಹಾಗೇ ಉಳಿಯುತ್ತದೆ. 2024ರ ಐಪ್ಯಾಡ್ ಪ್ರೊದಲ್ಲಿ ಎರಡು ಓಲೆಡ್ ಪದರಗಳನ್ನು ಒಂದರ ಮೇಲೊಂದು ಇಟ್ಟಿದ್ದಾರೆ. ಬೆಳಕಿನ ಹೊರೆ ಎರಡಕ್ಕೂ ಹಂಚಿಹೋಗುವುದರಿಂದ 1000 ನಿಟ್ಸ್ ಕೊಟ್ಟರೂ ಒಂದೊಂದು ಪದರ ಜಾಸ್ತಿ ದಣಿಯುವುದಿಲ್ಲ. ಮಿನಿಗೆ ಅಷ್ಟೆಲ್ಲ ಸಿಗುತ್ತದೆ ಅಂತ ನಾನು ಆಸೆ ಇಟ್ಟುಕೊಂಡಿಲ್ಲ. ಒಂದೇ ಪದರ ಇರಲಿ, 120 ಇರಲಿ, ನನಗೆ ಸಾಕು.

ಬೇರೆ ಕಂಪನಿಗಳ ಕಡೆ ನೋಡಿದರೆ ಹೊಟ್ಟೆ ಉರಿಯುತ್ತದೆ. ಸ್ಯಾಮ್‌ಸಂಗ್ 2014ರಲ್ಲೇ ಗ್ಯಾಲಕ್ಸಿ ಟ್ಯಾಬ್ ಎಸ್ ಅನ್ನು 8.4 ಇಂಚಿನ ಅಮೋಲೆಡ್ (ಓಲೆಡ್‌ನದೇ ಒಂದು ಬಗೆ) ಸ್ಕ್ರೀನ್ ಹಾಕಿ ತಂದಿತ್ತು. ಮರುವರ್ಷ ಬಂದ ಟ್ಯಾಬ್ ಎಸ್2 ಇನ್ನೂ ಚೆಂದ, 8 ಇಂಚು, 4:3 ಆಕಾರ, ದಪ್ಪ ಬರೀ 5.6 ಮಿಲಿಮೀಟರ್. ಓದುವವರಿಗೆ ಹೇಳಿ ಮಾಡಿಸಿದ ಹಾಗಿತ್ತು. ಆಮೇಲೆ ಎಸ್ ಸಾಲಿನಲ್ಲಿ ಆ ಅಳತೆಯನ್ನೇ ಬಿಟ್ಟುಬಿಟ್ಟರು. ಈಗ ಅವರ ಟ್ಯಾಬ್ ಅಲ್ಟ್ರಾ 14.6 ಇಂಚು, ಅದನ್ನು ಹಾಸಿಗೆಗೆ ಒಯ್ಯುವ ಮಾತೇ ಇಲ್ಲ.

ಲೆನೊವೊದ ಲೀಜನ್ ಟ್ಯಾಬ್ 8.8 ಇಂಚಿನದು, ಮೊದಲಿನವುಗಳಲ್ಲೇ 2560 x 1600 ಪಿಕ್ಸೆಲ್, 144 ಹರ್ಟ್ಜ್ ಇತ್ತು. 8.3ಕ್ಕಿಂತ 8.8 ದೊಡ್ಡದು, ಪುಟವೂ ದೊಡ್ಡದಾಗಿ ಕಾಣುತ್ತದೆ ಅನ್ನಿಸುತ್ತದೆ ಅಲ್ವಾ? ನನಗೂ ಹಾಗೇ ಅನ್ನಿಸಿತ್ತು, ಲೆಕ್ಕ ಹಾಕಿ ನೋಡುವವರೆಗೆ. ಮಿನಿಯ ಸ್ಕ್ರೀನ್ ಅಗಲ ಸುಮಾರು 116 ಮಿಲಿಮೀಟರ್, ಲೀಜನ್‌ದು ಸುಮಾರು 118. ಉಳಿದ ಇಂಚೆಲ್ಲ ಉದ್ದಕ್ಕೆ ಹೋಗಿಬಿಟ್ಟಿದೆ. ಎ4 ಹಾಳೆಯ ಅರ್ಧದಷ್ಟಿರುವ ಎ5 ಪುಟದ ಅಗಲ 148 ಮಿಲಿಮೀಟರ್. ಸ್ಕ್ಯಾನ್ ಮಾಡಿದ ಪುಸ್ತಕದ ಪಿಡಿಎಫ್ ತೆರೆದರೆ ಅಕ್ಷರದ ಗಾತ್ರ ತೀರ್ಮಾನವಾಗುವುದು ಅಗಲದಿಂದಲೇ. ಹಾಗಾಗಿ ಎರಡರಲ್ಲೂ ಎ5 ಪುಟ ಹೆಚ್ಚುಕಡಿಮೆ ಒಂದೇ ಗಾತ್ರಕ್ಕೆ, ಮುಕ್ಕಾಲಿಗಿಂತ ಸ್ವಲ್ಪ ಜಾಸ್ತಿಗೆ ಕೂರುತ್ತದೆ. ಲೀಜನ್‌ನಲ್ಲಿ ಮೇಲೆ ಕೆಳಗೆ ಖಾಲಿ ಜಾಗ ಹೆಚ್ಚು, ಅಷ್ಟೇ. ಟ್ಯಾಬ್ಲೆಟ್ ಕೊಳ್ಳುವಾಗ ಕರ್ಣದ ಇಂಚು ನೋಡಿ ಸುಮ್ನೆ ಮೋಸ ಹೋಗಬೇಡಿ, ಅಗಲ ಕೇಳಿ.

ರೆಡ್‌ಮ್ಯಾಜಿಕ್ ಆಸ್ಟ್ರಾ ಅಂತ 2025ರಲ್ಲಿ ಒಂದು ಬಂತು. 9.06 ಇಂಚು, ಓಲೆಡ್, 165 ಹರ್ಟ್ಜ್. ಸಣ್ಣ ಟ್ಯಾಬ್ಲೆಟ್‌ನಲ್ಲಿ ಇದನ್ನೆಲ್ಲ ಕೂರಿಸಬಹುದು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಆದರೆ ಅದು ಗೇಮ್ ಆಡುವವರಿಗಾಗಿ ಮಾಡಿದ್ದು, ಒಳಗೆ ಫ್ಯಾನ್ ಕೂಡ ಇದೆ. ನನ್ನ ಪುಸ್ತಕಗಳು, ಗೆರೆ ಹಾಕಿಟ್ಟ ಪುಟಗಳು, ಟಿಪ್ಪಣಿಗಳು ಎಲ್ಲ ಐಪ್ಯಾಡ್‌ನ ಆ್ಯಪ್‌ಗಳಲ್ಲಿ ಇವೆ. ಅದನ್ನೆಲ್ಲ ಬೇರೆ ಕಡೆ ಸಾಗಿಸುವ ಮನಸ್ಸು ನನಗಿಲ್ಲ.

ಇನ್ನೆರಡು ಆಸೆಗಳಿವೆ. ಮೇಲಿನ ಬಟನ್‌ನಲ್ಲಿರುವ, ಬೆರಳಚ್ಚು ಗುರುತಿಸಿ ಬೀಗ ತೆಗೆಯುವ ಟಚ್ ಐಡಿಯನ್ನು ದಯವಿಟ್ಟು ತೆಗೆಯಬೇಡಿ, ಮಗ್ಗುಲಾಗಿ ಮಲಗಿ ಅರ್ಧ ಮುಖ ದಿಂಬಿನಲ್ಲಿ ಹುದುಗಿಸಿಕೊಂಡವರಿಗೆ ಬೆರಳೇ ವಾಸಿ. ಇನ್ನೊಂದು, ನೀರಿನಿಂದ ರಕ್ಷಣೆ. ಸ್ಯಾಮ್‌ಸಂಗ್ 2023ರ ಟ್ಯಾಬ್ ಎಸ್9ಗೇ ಐಪಿ68 ಮಟ್ಟದ ರಕ್ಷಣೆ ಕೊಟ್ಟಿದೆ, ಪೆನ್ನನ್ನೂ ಡಬ್ಬಿಯಲ್ಲೇ ಇಟ್ಟು ಕೊಡುತ್ತದೆ.

ಇಷ್ಟೆಲ್ಲ ಆಸೆ ಇದ್ದರೂ ಮೊದಲ ದಿನವೇ ಆರ್ಡರ್ ಮಾಡುವುದಿಲ್ಲ. ಬಹಳಷ್ಟು ಓಲೆಡ್ ಸ್ಕ್ರೀನ್‌ಗಳು ಬೆಳಕು ಕಡಿಮೆ ಮಾಡಲು ಪಿಕ್ಸೆಲ್‌ಗಳನ್ನು ವೇಗವಾಗಿ ಆರಿಸಿ ಹತ್ತಿಸುತ್ತವೆ. ಕೆಲವರಿಗೆ ಅದು ಗೊತ್ತೇ ಆಗುವುದಿಲ್ಲ, ಕೆಲವರಿಗೆ ಕಣ್ಣು ಉರಿ, ತಲೆನೋವು. ನನಗೆ ಒಂದು ಓಲೆಡ್ ಫೋನ್‌ನಲ್ಲಿ ಹಾಗಾಗಿತ್ತು, ಕತ್ತಲಲ್ಲಿ ಅರ್ಧ ಗಂಟೆ ಓದಿದರೆ ಹಣೆ ಹಿಡಿದುಕೊಳ್ಳುತ್ತಿತ್ತು. ನಾನು ಓದುವುದೇ ರಾತ್ರಿ, ಬ್ರೈಟ್‌ನೆಸ್ ತೀರಾ ಇಳಿಸಿಕೊಂಡು. ಅದಕ್ಕೆ ಹೊಸ ಮಿನಿ ಬಂದ ಮೇಲೆ ಮೊದಲು ಅದನ್ನು ಕೊಂಡ ಯಾರಾದರೂ ಗೆಳೆಯರ ಹತ್ತಿರ ಒಂದು ರಾತ್ರಿಗೆ ಕೇಳಿ ತರಬೇಕು, ದೀಪ ಆರಿಸಿ, ಬ್ರೈಟ್‌ನೆಸ್ ಪೂರ್ತಿ ಇಳಿಸಿ, ಒಂದು ಗಂಟೆ ಓದಿ ನೋಡಬೇಕು.