‘ಮೆಹರ್’ ಎಂದು ಓದಬೇಕಿದ್ದ ಮೂರು ಅಕ್ಷರ

ಕಲಬುರಗಿಯಲ್ಲಿ ನಿಜಾಮರ ಕಾಲದ ಉರ್ದು ದಫ್ತರಗಳಿಗೆ ಕನ್ನಡದಲ್ಲಿ ವಿಷಯಸೂಚಿ ಬರೆಯುವ ಕೆಲಸಕ್ಕೆ ನಾನು ಸೇರಿ ಒಂಬತ್ತು ವರ್ಷಗಳಾದವು. ರುಮಾಲು, ಅಂದರೆ ಕಡತಗಳನ್ನು ಕಟ್ಟಿಟ್ಟ ಬಟ್ಟೆಯ ಗಂಟು, ಬಿಚ್ಚುವುದು, ಕಡತದ ದೂಳು ಒರೆಸುವುದು, ಪ್ರತಿ ಹಾಳೆಗೂ ಸಂಖ್ಯೆ ಹಾಕುವುದು, ಆಮೇಲೆ ವರ್ಷ, ವಿಷಯ, ಯಾರಿಂದ ಯಾರಿಗೆ ಎಂಬುದನ್ನು ವಹಿಯಲ್ಲಿ ದಾಖಲಿಸುವುದು ನನ್ನ ದಿನಚರಿ. ಸೇರಿದ ಮೊದಲ ವರ್ಷ ನಾನು ಮಾಡಿದ ಒಂದು ತಪ್ಪನ್ನು, ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಅದು ಹದಿನಾಲ್ಕು ಹಾಳೆಗಳ ತೆಳುವಾದ ಕಡತ. ತಾಲೂಕಿನ ಅಧಿಕಾರಿಯೊಬ್ಬರು ಮೇಲಿನವರಿಗೆ ಬರೆದ ಪತ್ರ ಅದರಲ್ಲಿತ್ತು. ಸೀಮೆಎಣ್ಣೆ ಬಂದಿಲ್ಲ, ಉಪ್ಪು ಬಂದಿಲ್ಲ, ಸಂತೆಯ ದಿನ ಜನ ಕೈಬೀಸಿಕೊಂಡು ಹಿಂದಿರುಗುತ್ತಿದ್ದಾರೆ ಎಂಬುದು ಅದರ ಸಾರ. ಕೊನೆಯಲ್ಲಿ 1357 ಎಂಬ ಅಂಕಿ, ಅದರ ಹತ್ತಿರ ಮೀಮ್, ಹೇ, ರೇ ಎಂಬ ಮೂರು ಅಕ್ಷರಗಳು, ಪಕ್ಕದಲ್ಲಿ ಕಚೇರಿಯ ದುಂಡು ಮೊಹರು. ಉರ್ದುವಿನಲ್ಲಿ ಇಸವಿಯ ಎಡಕ್ಕೆ, ನಿಜಾಮರ ಸರ್ಕಾರದ ಕಂದಾಯ ವರ್ಷವಾದ ಫಸಲಿಯಾದರೆ ‘ಫೆ’ ಎಂದೂ ಇಸ್ಲಾಮಿನ ಚಾಂದ್ರಮಾನ ವರ್ಷವಾದ ಹಿಜರಿಯಾದರೆ ‘ಹೆ’ ಎಂದೂ ಒಂದು ಗುರುತು ಹಾಕುವ ರೂಢಿಯಿದೆ. ಈ ಹಾಳೆಯಲ್ಲಿ ಸರಿಯಾಗಿ ಅದೇ ಜಾಗವನ್ನು ಹುಳು ತಿಂದಿತ್ತು. ಮೊಹರು ಕಣ್ಣೆದುರಿಗೇ ಇದ್ದುದರಿಂದ ಆ ಮೂರು ಅಕ್ಷರಗಳನ್ನು ನಾನು ‘ಮುಹರ್’ ಎಂದು ಓದಿದೆ. ಇಸವಿಯನ್ನು ಹಿಜರಿಯೆಂದು ತಿಳಿದು ‘1938, ದಿನಸಿ ಸರಬರಾಜು’ ಎಂದು ವಹಿಯಲ್ಲಿ ಬರೆದು ರುಮಾಲು ಕಟ್ಟಿಟ್ಟೆ.

ಶಿಕಸ್ತಾ ಎಂಬ ಉರ್ದು ಮೋಡಿ ಬರಹ ಓದಲು ನಮಗೆ ನೆರವಾಗುತ್ತಿದ್ದ ನಿವೃತ್ತ ಉರ್ದು ಮಾಸ್ತರರು ಕೆಲವು ತಿಂಗಳ ಮೇಲೆ ಅದೇ ರುಮಾಲಿನ ಇನ್ನೊಂದು ಕಡತ ನೋಡುವಾಗ ಇದನ್ನೂ ತಿರುವಿದರು. ಬಹಳ ಹೊತ್ತು ಸುಮ್ಮನಿದ್ದು, ಆ ಅಕ್ಷರಗಳ ಮೇಲೆ ಬೆರಳಿಟ್ಟು ಕೇಳಿದರು: “ನೋಡವ್ವಾ, ಮುಹರ್ ಹೊಡೆದಿದ್ದು ಕಣ್ಣಿಗೇ ಕಾಣ್ತದ. ಅದರ ಬಾಜೂಕ ಮತ್ತ ಮುಹರ್ ಅಂತ ಯಾಕ ಬರೀತಾನ? ಇದು ಮೆಹರ್ ಮಾಹೆ. ಫಸಲಿ ಅದ ಇದು.”

ಮೂರೇ ಅಕ್ಷರಗಳು, ಸ್ವರಚಿಹ್ನೆ ಇಲ್ಲದೆ ಬರೆದಾಗ ಮೊಹರೂ ಹೌದು, ತಿಂಗಳೂ ಹೌದು. ಹೈದರಾಬಾದ್ ಸಂಸ್ಥಾನದ ಫಸಲಿ ವರ್ಷ ಅಕ್ಟೋಬರ್ ಮೊದಲ ವಾರದಲ್ಲಿ ಆಜುರ್ ಮಾಸದಿಂದ ಆರಂಭವಾಗಿ ಆಬಾನ್ ಮಾಸಕ್ಕೆ ಮುಗಿಯುತ್ತಿತ್ತು. ಮೆಹರ್ ಅದರ ಹನ್ನೊಂದನೆಯ ತಿಂಗಳು, ಹೆಚ್ಚುಕಡಿಮೆ ನಮ್ಮ ಆಗಸ್ಟ್. ಫಸಲಿ ಇಸವಿಗೆ ವರ್ಷದ ಮೊದಲ ಮೂರು ತಿಂಗಳಲ್ಲಿ 590, ಆಮೇಲೆ 591 ಕೂಡಿಸಬೇಕು. ಹಾಗೆ ಕೂಡಿಸಿದರೆ ನನ್ನ ಕಡತ 1938ರದ್ದಲ್ಲ, 1948ರ ಆಗಸ್ಟಿನದ್ದು.

ಈ ಹತ್ತು ವರ್ಷಗಳ ವ್ಯತ್ಯಾಸದಲ್ಲಿ ಆ ಕಾಗದದ ಅರ್ಥವೇ ಬದಲಾಯಿತು. 1947ರ ನವೆಂಬರ್ 29ರಂದು ಭಾರತಕ್ಕೂ ನಿಜಾಮರಿಗೂ ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಗಿತ್ತು. ಅದನ್ನು ಮುರಿದವರು ಯಾರು ಎಂಬುದರ ಸುತ್ತಲೇ ಮುಂದಿನ ಪತ್ರವ್ಯವಹಾರವೆಲ್ಲ ನಡೆಯಿತು. ಪಾಕಿಸ್ತಾನಕ್ಕೆ 20 ಕೋಟಿ ರೂಪಾಯಿ ಸಾಲ ಕೊಟ್ಟದ್ದು, ಭಾರತದ ನಾಣ್ಯದ ಚಲಾವಣೆಗೆ ಅಡ್ಡಿ ಮಾಡಿದ್ದು ಒಪ್ಪಂದಕ್ಕೆ ವಿರುದ್ಧವೆಂದು ದೆಹಲಿ ಹೇಳಿತು. ತನ್ನ ಮೇಲೆ ಆರ್ಥಿಕ ದಿಗ್ಬಂಧನ ಹೇರಲಾಗಿದೆಯೆಂದು ಹೈದರಾಬಾದ್ ಹೇಳಿತು, ಮತ್ತು 1948ರ ಆಗಸ್ಟ್ 21ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ತಂತಿ ದೂರು ಕಳಿಸಿತು. ಅದೇ ತಿಂಗಳಲ್ಲಿ ನಮ್ಮ ಭಾಗದ ಒಂದು ತಾಲೂಕು ಕಚೇರಿಯಿಂದ ಉಪ್ಪು, ಸೀಮೆಎಣ್ಣೆ ಇಲ್ಲವೆಂದು ಬರೆದ ಪತ್ರವನ್ನು ನಾನು 1938ರ ರುಮಾಲಿನಲ್ಲಿ ಮಲಗಿಸಿದ್ದೆ. ಆ ಒಂದೇ ಪತ್ರದಿಂದ ದಿಗ್ಬಂಧನ ಸಾಬೀತಾಗುವುದಿಲ್ಲ. ಸಾಗಣೆಯ ತೊಂದರೆಯಿಂದಲೋ ವ್ಯಾಪಾರಿಗಳ ದಾಸ್ತಾನಿನಿಂದಲೋ ಕೊರತೆಯಾಗಿರಬಹುದು. ಆದರೆ ಆ ಪ್ರಶ್ನೆ ಕೇಳಲು ಬಂದವರಿಗೆ ಅದು ಕೈಗೆ ಸಿಗಬೇಕಾಗಿತ್ತು.

ಆ ದಿನದಿಂದ ನಾನು ಇಸವಿಗಿಂತ ಮುಂಚೆ ತಿಂಗಳನ್ನು ಓದುತ್ತೇನೆ. ಕಡತದ ಮೇಲ್ಹೊದಿಕೆ ನೋಡಿ ಸೂಚಿ ಬರೆಯುವುದನ್ನು ಬಿಟ್ಟೆ. 1948ರ ಸೆಪ್ಟೆಂಬರಿನ ಕಾಗದವಾದರೆ, ಬರೆದ ದಿನ, ರವಾನಿಸಿದ ದಿನ, ತಲುಪಿದ ದಿನ ಇವುಗಳನ್ನು ಬೇರೆ ಬೇರೆಯಾಗಿ ನಮೂದಿಸುತ್ತೇನೆ, ಏಕೆಂದರೆ ಆ ವಾರದಲ್ಲಿ ಒಂದು ದಿನ ಆಚೀಚೆಯಾದರೂ ಕಥೆ ತಪ್ಪುತ್ತದೆ. 13ರ ನಸುಕಿನಲ್ಲಿ ಸೊಲ್ಲಾಪುರದ ಕಡೆಯಿಂದ ಭಾರತೀಯ ಸೇನೆಯ ಮೇಜರ್ ಜನರಲ್ ಜೆ. ಎನ್. ಚೌಧುರಿಯವರ ಪಡೆ ಗಡಿ ದಾಟಿ ನಳದುರ್ಗ ಹಿಡಿಯಿತು, ಹುಮನಾಬಾದಿನ ಮೇಲೆ ಹಾಯುವ ಅದೇ ರಸ್ತೆಯಲ್ಲಿ ಹೈದರಾಬಾದಿನತ್ತ ಸಾಗಿತು. 16ರಂದು ಪ್ಯಾರಿಸ್ಸಿನಲ್ಲಿ ಭದ್ರತಾ ಮಂಡಳಿ ದೂರನ್ನು ಕೈಗೆತ್ತಿಕೊಂಡಿತು. ಭಾರತದ ಪರವಾಗಿ ಎ. ರಾಮಸ್ವಾಮಿ ಮೊದಲಿಯಾರ್, ಹೈದರಾಬಾದಿನ ಪರವಾಗಿ ಮೊಯಿನ್ ನವಾಜ್ ಜಂಗ್ ಹಾಜರಿದ್ದರು. ಮರುದಿನ ಸಂಜೆ ಕದನವಿರಾಮವಾಯಿತು. 18ರಂದು ಹೈದರಾಬಾದ್ ಸೇನೆಯ ಮುಖ್ಯಸ್ಥ ಎಲ್ ಎದ್ರೂಸ್ ಶರಣಾದರು. ದೂರನ್ನು ಹಿಂದಕ್ಕೆ ಪಡೆದಿರುವುದಾಗಿ ನಿಜಾಮರು ತಂತಿ ಕಳಿಸಿದ್ದು 22ರಂದು. ‘ಶರಣಾಗತಿ’ ಎಂದು 17ನ್ನೂ ‘ವಿರಾಮ’ ಎಂದು 18ನ್ನೂ ಬರೆದ ಸೂಚಿಗಳನ್ನು ನಾನು ಕಂಡಿದ್ದೇನೆ. ಎರಡೂ ಬೇರೆ ಘಟನೆಗಳು, ಎರಡಕ್ಕೂ ಬೇರೆ ಕಾಗದಗಳಿವೆ.

ಕಡತದ ವಿಷಯಕ್ಕೆ ಯಾವ ಹೆಸರು ಕೊಡಬೇಕೆಂಬುದೂ ಇಷ್ಟೇ ಸೂಕ್ಷ್ಮ. ಇದು ಆಂತರಿಕ ಸಂಗತಿಯೆಂಬ ನಿಲುವಿಗೆ ಹೊಂದುವಂತೆ ಭಾರತದ ಕಡೆಯಲ್ಲಿ ‘ಪೊಲೀಸ್ ಕಾರ್ಯಾಚರಣೆ’ ಎಂಬ ಮಾತು ಬಳಕೆಗೆ ಬಂತು, ಹೈದರಾಬಾದಿನ ಪ್ರತಿನಿಧಿಗಳು ಆಕ್ರಮಣ ಎಂದರು, ನಮ್ಮ ಊರುಗಳಲ್ಲಿ ಅದು ವಿಮೋಚನೆ. ಕಾಗದ ಯಾವ ಪದ ಬಳಸಿದೆಯೋ ಅದನ್ನೇ ನಾನು ಬರೆಯುತ್ತೇನೆ.

ನಮ್ಮಲ್ಲಿಗೆ ಬರುವವರಲ್ಲಿ ಸಂಶೋಧಕರಿಗಿಂತ ಮನೆತನದವರೇ ಹೆಚ್ಚು. 1948ರ ಮೇ ತಿಂಗಳಲ್ಲಿ ರಜಾಕಾರರು, ಅಂದರೆ ನಿಜಾಮರ ಪರವಾದ ಖಾಸಗಿ ಪಡೆಯವರು, ಹತ್ಯೆ ನಡೆಸಿದ ಗೋರ್ಟಾ ಇರುವುದು ಬೀದರ್ ಜಿಲ್ಲೆಯಲ್ಲಿ. ಕಾರ್ಯಾಚರಣೆಯ ನಂತರ ಮುಸ್ಲಿಮರ ಮೇಲೆ ನಡೆದ ಹಿಂಸೆಯನ್ನು ತಿಳಿಯಲು ಬಂದ ಪಂಡಿತ ಸುಂದರಲಾಲ್ ಸಮಿತಿ, ಅತಿ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳಲ್ಲಿ ಬೀದರ್, ಗುಲ್ಬರ್ಗಾಗಳನ್ನೂ ಹೆಸರಿಸಿತು. ಎರಡೂ ಕಡೆಯ ಮಕ್ಕಳು, ಮೊಮ್ಮಕ್ಕಳು ನನ್ನ ಅದೇ ಮೇಜಿನ ಎದುರು ಬಂದು ಕೂರುತ್ತಾರೆ. ಅವರಿಗೆ ತಾರೀಖು ಗೊತ್ತಿರುವುದಿಲ್ಲ, ಹಬ್ಬ ಗೊತ್ತಿರುತ್ತದೆ. “ಗಣಪತಿ ಕಳಿಸಿದ ಮ್ಯಾಗ, ಅನಂತ ಹುಣ್ಣಿಮಿ ಹತ್ರ ಇತ್ತಂತ್ರೀ ಮೇಡಂ” ಎಂದು ಒಬ್ಬರು ತಮ್ಮ ತಾಯಿಯ ಮಾತನ್ನು ಹೇಳಿದರು. ಆ ವರ್ಷ ಆ ಹುಣ್ಣಿಮೆ ಸೆಪ್ಟೆಂಬರ್ 18ರ ಸುಮಾರಿಗೆ, ಹಿಜರಿಯಲ್ಲಿ 1367ರ ಜಿಲ್‌ಖಾದ ತಿಂಗಳ ನಡುವೆ, ಫಸಲಿಯಲ್ಲಿ 1357ರ ಆಬಾನ್ ಮಾಸದಲ್ಲಿ ಬಂದಿತ್ತು. ಆ ತಾಯಿಯ ನೆನಪು ಮೂರು ಪಂಚಾಂಗಕ್ಕೂ ತಾಳೆಯಾಗಿ, ಯಾವ ರುಮಾಲು ತೆಗೆಯಬೇಕೆಂದು ನನಗೆ ತಿಳಿಯಿತು.

ನನ್ನ ತಪ್ಪು ನಮೂದನ್ನು ಅಳಿಸಿಲ್ಲ. ಅದರ ಮೇಲೆ ಕೆಂಪು ಶಾಯಿಯಲ್ಲಿ ಒಂದೇ ಗೆರೆ ಎಳೆದು, ಸರಿಯಾದ ವರ್ಷ ಬರೆದು, ಮಾಸ್ತರರು ಓದಿ ಹೇಳಿದ ದಿನವನ್ನು ಅಂಚಿನಲ್ಲಿ ಸೇರಿಸಿದ್ದೇನೆ. ಅಷ್ಟರೊಳಗೆ ಹಳೆಯ ಇಸವಿಯ ಮೇಲೆಯೇ ಆ ಕಡತದ ನಕಲು ಪಡೆದಿದ್ದ ಒಬ್ಬರಿಗೆ ಪತ್ರ ಬರೆದು ತಿಳಿಸಿದೆ. ಕಡತವನ್ನು 1357 ಫಸಲಿಯ ರುಮಾಲಿಗೆ ವರ್ಗಾಯಿಸಿ, ಹುಳು ತಿಂದ ಹಾಳೆಗೆ ತೆಳು ಕಾಗದ ಅಂಟಿಸಿದ್ದಾಯಿತು.