ತಿರುಗಿ ಬತ್ತೈತೆ ಅಂತ ಹೆಂಗೆ ಗೊತ್ತು?

ನವೆಂಬರ್ 12 ಪಕ್ಷಿತಜ್ಞ ಸಲೀಂ ಅಲಿಯವರ ಜನ್ಮದಿನ. ಚಳ್ಳಕೆರೆ ಸೀಮೆಯ ನಮ್ಮ ಶಾಲೆಯಲ್ಲಿ ಆ ದಿನದ ಕೊನೆಯ ಎರಡು ಅವಧಿಗಳನ್ನು ಕೇಳಿ ಪಡೆದುಕೊಂಡು, ಮಕ್ಕಳಿಗೆ ದೇಶವಿದೇಶದ ಹಕ್ಕಿಗಳ ವಿಷಯ ಹೇಳುವುದು ನಾನು ಬಿಡದೆ ನಡೆಸಿಕೊಂಡು ಬಂದ ರೂಢಿ. ಈ ಬಾರಿ ಗೂಡು, ಮೊಟ್ಟೆ, ಮರಿಗಳ ಬಗ್ಗೆ ಹೇಳಲು ಹೊರಟಿದ್ದೆ.

ಗೀಜಗನ ಗೂಡಿನ ವಿಷಯದಲ್ಲಿ ಮಕ್ಕಳೇ ನನಗೆ ಪಾಠ ಹೇಳಿದರು. ಬಾವಿಯ ಮೇಲೆ ಬಾಗಿದ ಜಾಲಿಯ ಕೊಂಬೆಯಲ್ಲಿ ಅರ್ಧಕ್ಕೇ ನಿಂತ ಗೂಡುಗಳನ್ನು ಅವರು ಎಣಿಸಿದ್ದರು. ಹೆಣ್ಣು ಬಂದು ನೋಡಿ ಒಪ್ಪದ ಗೂಡನ್ನು ಗಂಡು ಅಷ್ಟಕ್ಕೇ ಕೈಬಿಡುತ್ತದೆಂಬುದಷ್ಟೇ ನಾನು ಸೇರಿಸಿದ ಮಾತು. ದಾಂಡೇಲಿಯ ಕಾಡಿನ ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿಯ ಹೆಣ್ಣು ಮರದ ಪೊಟರೆಯೊಳಗೆ ಸೇರಿಕೊಂಡು, ತನ್ನ ಹಿಕ್ಕೆಯಿಂದಲೇ ಅದರ ಬಾಯಿ ಮುಚ್ಚಿ, ಕೊಕ್ಕು ಹಿಡಿಯುವಷ್ಟು ಸೀಳು ಮಾತ್ರ ಉಳಿಸಿಕೊಂಡು, ಗಂಡು ತಂದುಕೊಡುವ ಹಣ್ಣುಗಳನ್ನೇ ನಂಬಿ ವಾರಗಟ್ಟಲೆ ಇರುತ್ತದೆ ಎಂದಾಗ ತರಗತಿಯಲ್ಲಿ ಸದ್ದಡಗಿತು.

ಆಮೇಲೆ ಅಂಟಾರ್ಕ್ಟಿಕಾದ ಎಂಪರರ್ ಪೆಂಗ್ವಿನ್. ಅದಕ್ಕೆ ಗೂಡೇ ಇಲ್ಲ. ಹೆಣ್ಣು ಒಂದೇ ಮೊಟ್ಟೆಯಿಟ್ಟು ಅದನ್ನು ಗಂಡಿನ ಪಾದಗಳ ಮೇಲೆ ದಾಟಿಸಿ, ಹೊಟ್ಟೆ ಹೊರೆಯಲು ಹಿಮದ ಮೇಲೆ ಬಹುದೂರ ನಡೆದು ಸಮುದ್ರ ಸೇರುತ್ತದೆ. ದಾಟಿಸುವಾಗ ಜಾರಿದ ಮೊಟ್ಟೆ ಕೆಲವೇ ನಿಮಿಷಗಳಲ್ಲಿ ಹೆಪ್ಪುಗಟ್ಟಬಹುದು. ಗಂಡು ಹೊಟ್ಟೆಯಡಿಯ ಚರ್ಮದ ಮಡಿಕೆಯನ್ನು ಮೊಟ್ಟೆಗೆ ಹೊದಿಸಿ, ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲಿ, ಉಳಿದ ಗಂಡುಗಳ ಮೈಗೆ ಮೈ ಒತ್ತಿಕೊಂಡು, ಏನನ್ನೂ ತಿನ್ನದೆ ಸುಮಾರು 65 ದಿನ ಕಾವು ಕೊಡುತ್ತದೆ.

ಆಗ ಐದನೇ ತರಗತಿಯ ಒಬ್ಬ ಹುಡುಗಿ ಎದ್ದು ನಿಂತಳು. "ಹೆಣ್ಣು ತಿರುಗಿ ಬತ್ತೈತೆ ಅಂತ ಗಂಡಿಗೆ ಹೆಂಗೆ ಗೊತ್ತು ಸಾರ್? ನಮ್ಮಪ್ಪ ಕುರಿ ಹೊಡ್ಕಂಡು ಹೋದ್ರೆ ಫೋನ್ ಮಾಡ್ತಾನೆ. ಅದಕ್ಕೆ ಯಾರು ಹೇಳ್ತಾರೆ?"

ಕೊಯ್ಲಾದ ಮೇಲೆ ಗದ್ದೆಗಳಲ್ಲಿ ಮಂದೆ ನಿಲ್ಲಿಸಲು ಅವಳ ತಂದೆ ಭದ್ರಾ ನಾಲೆಯ ಕಡೆಗೆ ಹೋಗುವವರು. ತಿಂಗಳುಗಟ್ಟಲೆ ಊರಿಗೆ ಬರುವುದಿಲ್ಲ. ನಾನು ಉತ್ಸಾಹದಿಂದಲೇ ಉತ್ತರ ಕೊಟ್ಟೆ. ಸಾವಿರಾರು ಹಕ್ಕಿಗಳ ಗುಂಪಿಗೆ ಮರಳಿದ ಹೆಣ್ಣು ಕೂಗುತ್ತದೆ, ಗಂಡು ಓಗೊಡುತ್ತದೆ. ಗೂಡಿಲ್ಲದ ಈ ಹಕ್ಕಿಗಳಿಗೆ ದನಿಯೇ ವಿಳಾಸ, ಏಕಕಾಲಕ್ಕೆ ಎರಡು ಸ್ವರ ಹೊರಡಿಸುವ ಗಂಟಲಿರುವುದರಿಂದ ಅಷ್ಟು ಗದ್ದಲದಲ್ಲೂ ಜೋಡಿ ತಪ್ಪುವುದಿಲ್ಲ ಎಂದೆ. ಅವಳು ಕೂರಲಿಲ್ಲ. "ಅದು ಬಂದ ಮೇಲೆ ಸಾರ್. ಬರೋಕೆ ಮುಂಚೆ?" ಎಂದಳು.

ಬಾಗಿಲ ಬಳಿ ನಿಂತಿದ್ದ ಸಹೋದ್ಯೋಗಿಯೊಬ್ಬರು "ಪರೀಕ್ಷೆಗೆ ಬರದೇ ಇರೋದನ್ನೆಲ್ಲ ಕೇಳಬೇಡ, ಕೂತ್ಕೋ" ಎಂದರು. ಅವರು ಕೆಟ್ಟವರಲ್ಲ, ಗಣಿತವನ್ನು ಅಕ್ಕರೆಯಿಂದ ಕಲಿಸುತ್ತಾರೆ. ಆದರೂ ಮಗುವಿನ ಪ್ರಶ್ನೆಯನ್ನು ಅಂಕಗಳಿಂದ ಅಳೆಯುವ ಅವರ ಅಭ್ಯಾಸವನ್ನು ನಾನು ಒಪ್ಪಲಾರೆ. ಹುಡುಗಿ ಕೂತಳು. ನಾನೂ ಮುಂದಿನ ಚಿತ್ರಕ್ಕೆ ಹೋದೆ, ಅವರಿಗಿಂತ ನನ್ನ ತಪ್ಪೇ ದೊಡ್ಡದು.

ಏಕೆಂದರೆ ಉತ್ತರ ನನ್ನಲ್ಲಿತ್ತು. ಗಂಡಿಗೆ ಯಾರೂ ಹೇಳುವುದಿಲ್ಲ. ಹೆಣ್ಣು ಬರುವ ಮೊದಲೇ ಮರಿಯಾದರೆ, ಹಸಿದ ತಂದೆ ತನ್ನ ಅನ್ನನಾಳದಲ್ಲಿ ಒಸರುವ ಹಾಲಿನಂಥ ದ್ರವವನ್ನು ಕೊಕ್ಕಿಗೆ ತಂದು ಕೆಲವು ದಿನ ಅದನ್ನು ಸಾಕುತ್ತದೆ. ಅಷ್ಟರಲ್ಲಿ ಅದರ ತೂಕ ಸುಮಾರು ಅರ್ಧಕ್ಕೆ ಇಳಿಯುತ್ತ ಬಂದಿರುತ್ತದೆ. ಆಮೇಲೂ ಹೆಣ್ಣು ಬಾರದಿದ್ದರೆ, ಮೈಯ ಕೊಬ್ಬು ತೀರುವ ಹಂತದಲ್ಲಿ, ಗಂಡು ಮೊಟ್ಟೆಯನ್ನೋ ಮರಿಯನ್ನೋ ಅಲ್ಲೇ ಬಿಟ್ಟು ಸಮುದ್ರದ ಕಡೆಗೆ ನಡೆಯುತ್ತದೆ. ತಂದೆಯ ಫೋನಿಗಾಗಿ ಕಾಯುವ ಮಗುವಿಗೆ ಇದನ್ನು ಹೇಗೆ ಹೇಳುವುದೆಂದು ಹೆದರಿ, ಅವಳು ಕೇಳದೇ ಇದ್ದ ದನಿಯ ವಿಚಾರವನ್ನು ನಾನು ಮುಂದಿಟ್ಟಿದ್ದೆ. "ಬರೋಕೆ ಮುಂಚೆ?" ಎಂಬ ಮಾತು ಎರಡು ರಾತ್ರಿ ಕಿವಿಯಲ್ಲೇ ಇತ್ತು. ಹಕ್ಕಿಗಳ ವಿಚಾರದಲ್ಲಿ ನಾವು ಮಕ್ಕಳಿಗೆ ಅಚ್ಚರಿಯನ್ನಷ್ಟೇ ಆರಿಸಿ ಬಡಿಸುತ್ತೇವೆ. ಆದರೆ ತಾಯಿಯಿಲ್ಲದ ಕುರಿಮರಿಗೆ ಬಾಟಲಿ ಹಾಲು ಕುಡಿಸಿ, ಒಮ್ಮೊಮ್ಮೆ ಅದನ್ನು ಕಳೆದುಕೊಂಡೂ ಬೆಳೆದ ಮನೆಗಳ ಮಕ್ಕಳು ಇವರು. ಯಾರಿಂದ ಏನನ್ನು ಮುಚ್ಚಿಡಲು ಹೊರಟಿದ್ದೆ ನಾನು?

ಹದಿನಾಲ್ಕರಂದು, ಮಕ್ಕಳ ದಿನಾಚರಣೆಯ ಗಲಾಟೆ ಮುಗಿದ ಮೇಲೆ, ಅವಳನ್ನು ಕರೆದು ಪೆಂಗ್ವಿನ್ ಚಿತ್ರವನ್ನು ಕೈಗೆ ಕೊಟ್ಟು, ಎಲ್ಲವನ್ನೂ ಇದ್ದಂತೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಚಿತ್ರವನ್ನೇ ನೋಡಿದಳು.

"ಹೋಗಿದ್ದೇ ಒಳ್ಳೇದಾತು ಬಿಡಿ ಸಾರ್. ಅದೂ ಸತ್ತಿದ್ರೆ, ಹೆಣ್ಣು ಬಂದು ಯಾರನ್ನ ಕೂಗ್ಬೇಕಿತ್ತು?"

ಆಮೇಲೆ ಮೊಟ್ಟೆಯಿರುವ ಜಾಗದ ಮೇಲೆ ಬೆರಳಿಟ್ಟು, ಆ ಮಡಿಕೆಯೊಳಗೆ ಎಷ್ಟು ಬೆಚ್ಚಗಿರುತ್ತದೆಂದು ಕೇಳಿದಳು. ಹೆಚ್ಚುಕಡಿಮೆ ನಮ್ಮ ಮೈಯಷ್ಟೇ ಎಂದೆ. ಅವಳು ತನ್ನ ಅಂಗೈಯನ್ನು ಕುತ್ತಿಗೆಗೆ ಒತ್ತಿ ನೋಡಿಕೊಂಡಳು.