ಲೈಪ್ಸಿಗ್‌ನಲ್ಲಿ ಕಾಗದದ ಸುತ್ತಿಗೆ

ಜರ್ಮನಿಯ ಲೈಪ್ಸಿಗ್‌ಗೆ ಹೋಗುವವರು ಹೆಚ್ಚಾಗಿ ಸಂಗೀತಗಾರ ಬಾಖ್‌ಗಾಗಿ ಹೋಗುತ್ತಾರೆ. ನಾನೂ ಸೇಂಟ್ ಥಾಮಸ್ ಚರ್ಚಿಗೆ ಹೋದೆ, ಸಮಾಧಿ ನೋಡಿದೆ, ಹೊರಗೆ ಬಂದೆ. ಅಂಗಡಿಗಳಲ್ಲಿ ಅವನ ಮುಖದ ಮಗ್ಗು, ಮುಖದ ಚೀಲ, ಮುಖದ ಕೊಡೆ. ಸಂಗೀತ ಬಿಟ್ಟು ಮಿಕ್ಕಿದ್ದೆಲ್ಲ ಸಿಗುತ್ತೆ. ಆ ಊರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆಯೇ ಒಂದು ವಸ್ತು. 1726ರಲ್ಲಿ ತಯಾರಾದ ಒಂದು ಪಿಯಾನೊ.

ಅದನ್ನು ನೋಡೋದಕ್ಕೆ ಮುಂಚೆ ಸ್ವಲ್ಪ ಮಳೆಯಲ್ಲಿ ನೆನೆಯಬೇಕಾಯಿತು. ನಾನು ಉಳಿದುಕೊಂಡಿದ್ದ ಕಡೆ ಕೌಂಟರಿನಲ್ಲಿದ್ದವರು "ಮ್ಯೂಸಿಯಂ ದಿನಾ ತೆರೆದಿರುತ್ತೆ" ಅಂತ ಖಡಾಖಂಡಿತವಾಗಿ ಹೇಳಿದ್ದರು. ಹೋದರೆ ಬೀಗ. ಸೋಮವಾರ ರಜೆಯಂತೆ! ಈಗಲೂ ನೆನೆಸಿಕೊಂಡರೆ ಸಿಟ್ಟು ಬರುತ್ತೆ. ಯಾರ ಮಾತೂ ಕೇಳಬೇಡಿ, ಮ್ಯೂಸಿಯಂನವರೇ ಹಾಕಿರುವ ಸಮಯ ನೋಡಿಕೊಂಡು ಹೊರಡಿ. ಇನ್ನೊಂದು ಮಾತು: ಯೊಹಾನಿಸ್‌ಪ್ಲಾಟ್ಸ್‌ನ ಗ್ರಾಸಿ ಆವರಣದಲ್ಲಿ ಮೂರು ಮ್ಯೂಸಿಯಂಗಳಿವೆ. ನಮಗೆ ಬೇಕಾದದ್ದು ವಿಶ್ವವಿದ್ಯಾಲಯದ ವಾದ್ಯಗಳ ಮ್ಯೂಸಿಯಂ. ಟಿಕೆಟ್ ತೆಗೆದುಕೊಳ್ಳುವಾಗಲೇ ಅದನ್ನು ಬಿಡಿಸಿ ಹೇಳಿ.

ಪಿಯಾನೊ ಕಂಡುಹಿಡಿದವನು ಬಾರ್ಟೊಲೊಮಿಯೊ ಕ್ರಿಸ್ಟೊಫೊರಿ. ಇಟಲಿಯ ಫ್ಲಾರೆನ್ಸ್‌ನಲ್ಲಿ ಆಳುತ್ತಿದ್ದ ಮೆಡಿಚಿ ಮನೆತನದ ವಾದ್ಯಗಳನ್ನು ನೋಡಿಕೊಳ್ಳುತ್ತಿದ್ದ. 1700ರ ಹೊತ್ತಿಗೆ ಅವನ ಹೊಸ ವಾದ್ಯ ಅರಮನೆಯ ಪಟ್ಟಿಗೆ ಸೇರಿತ್ತು. ಅವನು ಮಾಡಿದ ಪಿಯಾನೊಗಳಲ್ಲಿ ಇವತ್ತು ಉಳಿದಿರೋದು ಮೂರೇ. 1720ರದ್ದು ನ್ಯೂಯಾರ್ಕ್‌ನಲ್ಲಿ, 1722ರದ್ದು ರೋಮ್‌ನಲ್ಲಿ, 1726ರದ್ದು ಇಲ್ಲಿ. ನಾಲ್ಕು ಆಕ್ಟೇವ್, ಅಂದರೆ ನಾಲ್ಕು ಸಪ್ತಕ, 49 ಕೀ. ನೋಡೋಕೆ ತೆಳ್ಳಗೆ, ಸಾದಾ. ದೊಡ್ಡ ಕಪ್ಪು ಗ್ರ್ಯಾಂಡ್ ಪಿಯಾನೊ ನೋಡಿ ಅಭ್ಯಾಸವಾದವರಿಗೆ "ಇಷ್ಟೇನಾ?" ಅನ್ನಿಸುತ್ತೆ. ನನಗೂ ಹಾಗೇ ಅನ್ನಿಸಿತ್ತು, ಆಮೇಲೆ ಒಬ್ಬ ಪಿಯಾನೊ ಟೆಕ್ನಿಷಿಯನ್ ಸಿಗುವವರೆಗೆ.

ಪರಿಚಯದವರೊಬ್ಬರ ಮೂಲಕ ಆ ಟೆಕ್ನಿಷಿಯನ್ ವರ್ಕ್‌ಶಾಪಿಗೆ ಹೋಗಿದ್ದೆ. ಅರವತ್ತು ದಾಟಿದ ಹೆಂಗಸು. ಹಳೇ ಪಿಯಾನೊಗಳ ಒಳಭಾಗ ರಿಪೇರಿ ಮಾಡೋದೇ ಕೆಲಸ. ಸುಮ್ನೆ ನೋಡಿಕೊಂಡು ಬರೋಣ ಅಂತ ಹೋದವನು ಕತ್ತಲಾಗುವ ತನಕ ಅಲ್ಲೇ ಕೂತೆ.

ಅವರು ಡ್ರಾಯರ್ ಎಳೆದು ನನ್ನ ಅಂಗೈ ಮೇಲೆ ಒಂದು ಸುತ್ತಿಗೆ ಇಟ್ಟರು. ಪಿಯಾನೊದ ಕೀ ಒತ್ತಿದಾಗ ಒಳಗೆ ತಂತಿಗೆ ಹೊಡೆಯೋದು ಇದೇ. ಕ್ರಿಸ್ಟೊಫೊರಿ ಮಾಡಿದ ರೀತಿಯಲ್ಲೇ ಅವರು ಮಾಡಿಕೊಂಡ ನಕಲು. ಸಣ್ಣ ಮರದ ಕಡ್ಡಿ, ಅದರ ತುದಿಗೆ ಕಾಗದದ ಪಟ್ಟಿಯನ್ನು ಸುತ್ತಿ ಸುತ್ತಿ ಅಂಟಿಸಿದ ಬಳೆ, ಮೇಲೆ ತಂತಿಗೆ ತಾಗುವ ಕಡೆ ಒಂದು ಚೂರು ತೊಗಲು. ಬಳೆಯ ಒಳಗೆ ಟೊಳ್ಳು. ತೂಕವೇ ಇಲ್ಲ.

"ಒತ್ತಿ ನೋಡಿ" ಅಂದರು. ಒತ್ತಿದೆ. ಜಗ್ಗಲಿಲ್ಲ.

"ಕಾಗದ ಅಂದರೆ ಎಲ್ಲರಿಗೂ ನಗು. ಆದರೆ ಪದರದ ಮೇಲೆ ಪದರ ಅಂಟಿಸಿದರೆ ಅದು ಮರದ ಹಾಗೆ ಎಳೆ ಹಿಡಿದು ಸೀಳೋದಿಲ್ಲ. ಹಗುರವಾಗಿಯೂ ಇರುತ್ತೆ."

ಆಮೇಲೆ ಒಂದು ಹಾಳೆಯಲ್ಲಿ ಪೆನ್ಸಿಲಿನಿಂದ ಬರೆದು ತೋರಿಸಿದರು. ಕ್ರಿಸ್ಟೊಫೊರಿಯ ಆ ಪಿಯಾನೊದಲ್ಲಿ ಟ್ಯೂನಿಂಗ್ ಪಿನ್‌ಗಳು, ಅಂದರೆ ತಂತಿಯನ್ನು ಬಿಗಿ ಮಾಡುವ ಮೊಳೆಗಳು, ಮರದ ಹಲಗೆಯನ್ನು ತೂರಿಕೊಂಡು ಕೆಳಗೆ ಬರುತ್ತವೆ. ತಂತಿ ಕಟ್ಟಿರೋದು ಹಲಗೆಯ ಅಡಿಯಲ್ಲಿ. ಸುತ್ತಿಗೆ ಕೆಳಗಿನಿಂದ ಹೊಡೆದಾಗ ತಂತಿ ಎದ್ದು ಹೋಗೋದಿಲ್ಲ, ತನ್ನ ಜಾಗಕ್ಕೇ ಇನ್ನೂ ಬಿಗಿಯಾಗಿ ಕೂರುತ್ತೆ. ತಂತಿಯ ನಾದವನ್ನು ದೊಡ್ಡದು ಮಾಡುವ ತೆಳು ಹಲಗೆ ಸೌಂಡ್‌ಬೋರ್ಡ್. ಅದಕ್ಕೆ ಒಳಗಡೆ ಬೇರೆಯೇ ಬಾಗಿದ ಗೋಡೆ. ತಂತಿಗಳ ಎಳೆತವನ್ನೆಲ್ಲ ಹೊರಗಿನ ಗೋಡೆ ಹೊರುತ್ತೆ, ಹಾಗಾಗಿ ಸೌಂಡ್‌ಬೋರ್ಡ್ ಮೇಲೆ ಆ ಒತ್ತಡ ಬೀಳೋದಿಲ್ಲ. ಅಂದರೆ ಮೊದಲ ಪಿಯಾನೊ ಮಾಡಿದವನೇ ಬಾಳಿಕೆಯ ಬಗ್ಗೆಯೂ ತಲೆ ಕೆಡಿಸಿಕೊಂಡಿದ್ದ! ನನಗೆ ಇದು ಬಾಖ್‌ನ ಸಮಾಧಿಗಿಂತ ಜಾಸ್ತಿ ತಟ್ಟಿತು.

ಮುಂದಿನ ನೂರು ವರ್ಷದ ಕಥೆ ಅವರು ಬೇಗ ಮುಗಿಸಿದರು. ಜನಕ್ಕೆ ಜೋರು ಶಬ್ದ ಬೇಕಾಯಿತು, ತಂತಿ ದಪ್ಪವಾಯಿತು, ಮರದ ಚೌಕಟ್ಟು ಸೋತಿತು. 1825ರಲ್ಲಿ ಬಾಸ್ಟನ್ನಿನ ಆಲ್ಫಿಯಸ್ ಬ್ಯಾಬ್‌ಕಾಕ್ ಇಡೀ ಚೌಕಟ್ಟನ್ನು ಒಂದೇ ಎರಕದ ಕಬ್ಬಿಣದಲ್ಲಿ ಮಾಡಿದ. ಮರುವರ್ಷ ಪ್ಯಾರಿಸ್‌ನಲ್ಲಿ ಪಾಪ್ ಎಂಬಾತ ತೊಗಲಿನ ಬದಲು ಸುತ್ತಿಗೆಗೆ ಫೆಲ್ಟ್, ಅಂದರೆ ಒತ್ತಿ ಮಾಡಿದ ದಪ್ಪ ಉಣ್ಣೆ ಬಟ್ಟೆ, ಹಾಕಿದ. ಈಗಿನ ಗ್ರ್ಯಾಂಡ್‌ನಲ್ಲಿ ತಂತಿಗಳ ಒಟ್ಟು ಎಳೆತ ಹತ್ತಿರ ಹತ್ತಿರ 20 ಟನ್. 

"ಹಾಗಾದರೆ ಎಲ್ಲ ಭಾಗವನ್ನೂ ಗಟ್ಟಿ ಮಾಡುತ್ತಾ ಹೋದರೆ ಆಯಿತಲ್ವಾ?" ಅಂತ ಕೇಳಿದೆ.

ಅವರು ಉತ್ತರ ಕೊಡಲಿಲ್ಲ. ಒಂದು ಡಬ್ಬಿ ಬಗ್ಗಿಸಿದರು. ಸುತ್ತಿಗೆ ತಿರುಗುವ ಕೀಲಿನ ಪಿನ್‌ಗಳು, ಒಂದೂಕಾಲು ಮಿಲಿಮೀಟರ್ ದಪ್ಪ ಇರಬಹುದು. ಕೆಲವದರ ಮೇಲೆ ಹಸಿರು ಕಿಲುಬು. ಕೀಲು ಜಾರಲಿ ಅಂತ ಹಿಂದಿನವರು ಹಾಕಿದ ಜಿಡ್ಡು ಲೋಹದ ಜೊತೆ ಸೇರಿ ಹೀಗಾಗಿದೆ. ಒಳ್ಳೆಯದಕ್ಕೆ ಅಂತ ಹಾಕಿದ್ದೇ ಕೀಲನ್ನು ಅಂಟಿಸಿಬಿಟ್ಟಿದೆ.

ಪಿನ್ ಕೂರುವ ತೂತಿಗೆ ಉಣ್ಣೆ ಬಟ್ಟೆಯ ಒಳಪದರ ಹಾಕೋದು ಹಳೇ ಪದ್ಧತಿ. ಅದು ಸವೆಯುತ್ತೆ, ಹುಳ ತಿನ್ನುತ್ತೆ. 1960ರ ದಶಕದಲ್ಲಿ ಅಮೆರಿಕದ ಒಂದು ದೊಡ್ಡ ಕಂಪನಿ ಉಣ್ಣೆ ತೆಗೆದು ಟೆಫ್ಲಾನ್ ಎಂಬ ಜಾರುವ ಪ್ಲಾಸ್ಟಿಕ್ ಹಾಕಿತು. ಟೆಫ್ಲಾನ್ ಸವೆಯಲಿಲ್ಲ. ಆದರೆ ಸುತ್ತಲಿನ ಮರ ತೇವಕ್ಕೆ ಹಿಗ್ಗುತ್ತೆ, ಒಣಗಿದರೆ ಕುಗ್ಗುತ್ತೆ. ಟೆಫ್ಲಾನ್ ಅದರ ಜೊತೆ ಬರೋದಿಲ್ಲ. ಕೀಲು ಒಮ್ಮೆ ಬಿಗಿ, ಒಮ್ಮೆ ಸಡಿಲ. ಬಾರಿಸಿದರೆ ಟಿಕ್ ಟಿಕ್ ಸದ್ದು. ಸುಮಾರು ಇಪ್ಪತ್ತು ವರ್ಷದ ಮೇಲೆ ಆ ಕಂಪನಿಯವರು ಮತ್ತೆ ಉಣ್ಣೆಗೇ ಬಂದರು.

"ಉಣ್ಣೆ ಮರದ ಗುಣಕ್ಕೆ ಹೊಂದಿಕೊಳ್ಳುತ್ತೆ. ಒಂದು ಭಾಗ ಬದಲಾಯಿಸುವಾಗ ನಾನು ಮೊದಲು ಅದರ ಅಕ್ಕಪಕ್ಕ ಏನಿದೆ ಅಂತ ನೋಡುತ್ತೇನೆ" ಅಂದರು.

ಪ್ಲಾಸ್ಟಿಕ್ ಬಗ್ಗೆ ನನಗೆ ಮೊದಲಿಂದಲೂ ಅಸಡ್ಡೆ. ಅದನ್ನು ಹೇಳಿಯೂಬಿಟ್ಟೆ. ಅವರು ಗದರಿಕೊಂಡರು. 1940, 50ರ ದಶಕದ ಪ್ಲಾಸ್ಟಿಕ್ ಭಾಗಗಳು ಪುಡಿಪುಡಿಯಾದದ್ದು ನಿಜ. ಆದರೆ ಜಪಾನಿನ ಕವಾಯಿ ಎಂಬ ಪಿಯಾನೊ ಕಂಪನಿ 1970ರ ದಶಕದಿಂದ ಎಬಿಎಸ್ ಅನ್ನುವ ಗಟ್ಟಿ ಪ್ಲಾಸ್ಟಿಕ್ ಬಳಸುತ್ತಿದೆ, ಆಮೇಲೆ ಅದಕ್ಕೆ ಕಾರ್ಬನ್ ಫೈಬರ್ ಸೇರಿಸಿತು. ಅಲ್ಲಿ ಕೀಲಿನ ಸುತ್ತಲಿನ ಭಾಗವೇ ಬದಲಾಗಿದೆ, ತೇವಕ್ಕೆ ಹಿಗ್ಗುವ ಮರವೇ ಇಲ್ಲ. ಎರಡು ಭಾಗ ಕೈಗೆ ಕೊಟ್ಟರು, ಒಂದು ಹಾರ್ನ್‌ಬೀಮ್ ಮರದ್ದು, ಒಂದು ಕಾರ್ಬನ್ನಿನದ್ದು. ಮರದ್ದು ಬೆಚ್ಚಗಿತ್ತು, ಚೆಂದವಿತ್ತು. ಬಗ್ಗಿಸಲು ನೋಡಿದಾಗ ಕಾರ್ಬನ್ನಿನದ್ದು ಅಲುಗಲೇ ಇಲ್ಲ. ಆದರೂ ನನ್ನ ಮನಸ್ಸು ಮರದ ಕಡೆಗೇ.

"ದಿನವಿಡೀ ಮಕ್ಕಳು ಬಡಿಯುವ ಶಾಲೆಯ ಪಿಯಾನೊಗೆ ನಾನು ಕಾರ್ಬನ್ನೇ ಹಾಕುತ್ತೇನೆ. ನೂರು ವರ್ಷದ ಹಳೇದಕ್ಕೆ ಮರ, ಉಣ್ಣೆ" ಅಂದರು.

"ನಿಮ್ಮ ಮನೆಯ ಪಿಯಾನೊಗೆ?"

"ಮರದ್ದೇ ಇದೆ. ನಾಲ್ಕು ಕೀ ಅಂಟಿಕೊಂಡಿವೆ. ಸರಿ ಮಾಡೋಕೆ ಟೈಮ್ ಸಿಕ್ಕಿಲ್ಲ."